ವೀರಗಲ್ಲುಗಳ ಸೀಮೆಯಲ್ಲಿ: ಚಂದ್ರಗುತ್ತಿಯ ಯಾತ್ರೆ

ಮಲೆನಾಡಿನ ಸೆರಗಿನಲ್ಲಿರುವ ಸೊರಬ ತಾಲ್ಲೂಕಿನ ಚಂದ್ರಗುತ್ತಿಯು ಶ್ರೀ ರೇಣುಕಾಂಬೆಯ ಪುಣ್ಯಕ್ಷೇತ್ರವೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಮಲೆನಾಡಿನವರಿಗೂ ಬಯಲುಸೀಮೆಯವರಿಗೂ ಆಕೆ ಸಮಾನವಾಗಿ ತಾಯಿ. ಅನೇಕ ಮನೆತನಗಳಿಗೆ ಆಕೆಯೇ ಮನೆದೇವತೆ. ಈ ಬಾರಿ ನಾವು ಶಿಕಾರಿಪುರದ ಮಾರ್ಗವಾಗಿ ಚಂದ್ರಗುತ್ತಿಗೆ ಹೊರಟಾಗ ದೇವಿಯ ದರ್ಶನದೊಂದಿಗೆ ಇನ್ನೊಂದು ಉದ್ದೇಶವೂ ನಮ್ಮ ಮನಸ್ಸಿನಲ್ಲಿತ್ತು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳೆಂದರೆ ವೀರಗಲ್ಲುಗಳ ತವರು. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳು ಸೇರಿದ್ದು, ಅವುಗಳಲ್ಲಿ ಕಾದಿ ಮಡಿದ ಸಾಮಾನ್ಯರ ಸ್ಮಾರಕಶಾಸನಗಳು ಹೇರಳವಾಗಿವೆ. ಮನುಷ್ಯನು ಆಯುಧ ಹಿಡಿದು ಮನೆಯಿಂದ ಹೊರಡುವುದೇಕೆ, ಹಾಗೆ ಹೊರಟವನನ್ನು ಸಮಾಜವು ಹೇಗೆ ಗೌರವಿಸಬೇಕು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರ ದೊರೆಯಬಹುದೆಂಬುದು ನಮ್ಮ ನಿರೀಕ್ಷೆಯಾಗಿತ್ತು.

ಕಲ್ಲು ಹೇಳುವ ಕಥೆ

ಈ ಭಾಗದ ಊರುಗಳಲ್ಲಿ ವೀರಗಲ್ಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಈಶ್ವರನ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ ಅವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾಗಿ ಇವುಗಳಲ್ಲಿ ಮೂರು ಹಲಗೆಗಳಿರುತ್ತವೆ. ಕೆಳಗಿನ ಹಲಗೆಯಲ್ಲಿ ವೀರನು ಕಾದುತ್ತಿರುವ ದೃಶ್ಯ. ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವ ದೃಶ್ಯ. ಮೇಲಿನದರಲ್ಲಿ ಆತನು ಕೈಲಾಸದಲ್ಲಿ ಶಿವಲಿಂಗದ ಮುಂದೆ ಕುಳಿತಿರುವ ದೃಶ್ಯ. ಓದುಬರಹ ಬಾರದವರಿಗೂ ಅರ್ಥವಾಗುವ ಪಾಠವಿದು: ಕಾದು, ಮಡಿ, ಶಿವಸಾನ್ನಿಧ್ಯವನ್ನು ಪಡೆ. ಸೈನಿಕವೃತ್ತಿಯ ಬಹಿರಂಗ ವೈಭವೀಕರಣವು ನಮ್ಮ ಕಾಲದಲ್ಲಿ ಹುಟ್ಟಿದ್ದೆಂದು ಭಾವಿಸುವವರು ಈ ಕಲ್ಲುಗಳನ್ನೊಮ್ಮೆ ನೋಡಬೇಕು. ಸಾವಿರ ವರ್ಷಗಳ ಹಿಂದೆಯೇ ನಮ್ಮ ಹಿರಿಯರು ಅದನ್ನು ಊರ ಬಾಗಿಲಿನಲ್ಲಿ ನಿಲ್ಲಿಸಿದ್ದರು.

ಆದರೆ ಕಲ್ಲಿನ ಬರಹವನ್ನು ಗಮನವಿಟ್ಟು ಓದಿದಾಗ ಎರಡು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ಅನೇಕ ವೀರಗಲ್ಲುಗಳು ಮಡಿದವನು ಯಾವ ಕಾರಣಕ್ಕಾಗಿ ಮಡಿದನೆಂಬುದನ್ನು ಸ್ಪಷ್ಟವಾಗಿ ತಿಳಿಸುತ್ತವೆ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ನಡೆದ ಕಾಳಗ ತುರುಗೊಳ್. ಊರನ್ನು ಸೂರೆಗೊಳ್ಳಲು ಬಂದವರನ್ನು ಎದುರಿಸಿದ್ದು ಊರಳಿವು. ಸ್ತ್ರೀಯರ ಮಾನರಕ್ಷಣೆಗಾಗಿ ನಡೆದದ್ದು ಪೆಣ್ಬುಯ್ಯಲ್. ಅರಸನ ಆಜ್ಞೆಯಂತೆ ದೂರದೇಶದ ರಣರಂಗಕ್ಕೆ ಹೋಗಿ ಸತ್ತವನ ಕಲ್ಲೂ ಇದೆ, ತನ್ನ ಊರಿನ ಹಸುಗಳನ್ನು ಮರಳಿ ತಂದು ಊರ ಮುಂದೆಯೇ ಕುಸಿದವನ ಕಲ್ಲೂ ಇದೆ. ಎರಡೂ ಒಂದೇ ಎಂದು ಶಾಸನ ಬರೆದವನು ಮರೆಮಾಚಲಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಕಲ್ಲು ನಿಲ್ಲಿಸಿದ ಮಾತ್ರಕ್ಕೆ ಊರಿನ ಋಣ ತೀರುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವ ಪದ್ಧತಿಯಿತ್ತು. ಇದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಚೆಲ್ಲಿದ ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಗದ್ದೆಯೆಂದು ಇದರರ್ಥ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ, ಸುಮಾರು ಕ್ರಿ. ಶ. 450ರ ಹಲ್ಮಿಡಿ ಶಾಸನವೂ ಇಂಥದೇ ಒಂದು ದಾನಪತ್ರ. ಬನವಾಸಿಯ ಕದಂಬರ ಪರವಾಗಿ ಹೋರಾಡಿದ ವಿಜಅರಸನಿಗೆ ಎರಡು ಗ್ರಾಮಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಗೌರವಿಸುವ ಕೊಡುಗೆಯಾಗಿ ಬಿಟ್ಟುದನ್ನು ಅದು ದಾಖಲಿಸುತ್ತದೆ. ಕನ್ನಡ ಲಿಪಿಯು ಮೊದಮೊದಲು ಕಲ್ಲಿನ ಮೇಲೆ ಮೂಡಿದ ಕಾಲದಲ್ಲಿಯೇ ಹೊಗಳಿಕೆಯ ಪಕ್ಕದಲ್ಲಿ ಹೊಲವೂ ಇತ್ತೆಂಬುದನ್ನು ನಾವು ಮರೆಯಬಾರದು.

ಈ ಕಲ್ಲುಗಳ ನೆರೆಯಲ್ಲಿಯೇ ಇನ್ನೊಂದು ಬಗೆಯ ಕಲ್ಲುಗಳೂ ಕಾಣಸಿಗುತ್ತವೆ. ಕಂಬದಿಂದ ಹೊರಚಾಚಿದ ಒಂದು ತೋಳು, ತುಂಬ ಬಳೆ, ಮೇಲೆತ್ತಿದ ಹಸ್ತ. ಇದು ಮಾಸ್ತಿಕಲ್ಲು, ಪತಿಯೊಡನೆ ಚಿತೆಯೇರಿದ ಹೆಣ್ಣಿನ ಗುರುತು. ವೀರನ ಸಾವನ್ನು ಕೊಂಡಾಡಿದ ಸಮಾಜವು ಅವನ ಹೆಂಡತಿಯ ಸಾವನ್ನೂ ಕೊಂಡಾಡಿತು. ಹೊಗಳಿಕೆ ಎಲ್ಲೆ ಮೀರಿದಾಗ ಅದು ಮುಂದಿನ ಬಲಿಯನ್ನು ಕೇಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಸಾಗುವಾಗ ಸಿಗುವ ಉಡುತಡಿಯು ಅಕ್ಕಮಹಾದೇವಿಯ ಜನ್ಮಸ್ಥಳ. ಅರಮನೆಯನ್ನು ತೊರೆದು, ಚೆನ್ನಮಲ್ಲಿಕಾರ್ಜುನನನ್ನರಸಿ ಒಬ್ಬಳೇ ನಡೆದ ಆ ಮಹಾತಾಯಿಯು ಇದೇ ಮಣ್ಣಿನಿಂದ ಬಂದವಳು. ಹೆಣ್ಣಿನ ಬದುಕಿಗೆ ಗಂಡನ ಚಿತೆಯೇ ಕೊನೆಯಲ್ಲವೆಂಬುದನ್ನು ಆಕೆ ತನ್ನ ನಡೆಯಿಂದಲೇ ತೋರಿಸಿಕೊಟ್ಟಳು.

ಅನ್ನ ಮತ್ತು ಅವಮಾನ

ಜನರು ಸೈನ್ಯವನ್ನು ಸೇರುವುದೇಕೆಂಬುದಕ್ಕೆ ಹಳಗನ್ನಡದ ಒಂದು ಶಬ್ದವೇ ಉತ್ತರ ಹೇಳುತ್ತದೆ. ಆ ಶಬ್ದ ಜೋಳವಾಳಿ. ಒಡೆಯನಿಕ್ಕಿದ ಜೋಳವನ್ನು ಉಂಡವನು ಸಮಯ ಬಂದಾಗ ಅವನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟುಪಾಡು. ಇದನ್ನು ಸ್ವಾಮಿನಿಷ್ಠೆಯೆಂದು ಕವಿಗಳು ಎಷ್ಟೇ ಎತ್ತರಕ್ಕೇರಿಸಿದರೂ ಅದರ ಬೇರು ಇರುವುದು ಜೋಳದಲ್ಲಿ, ಅಂದರೆ ಹೊಟ್ಟೆಯಲ್ಲಿ. ಅನ್ನಕ್ಕಾಗಿ ದುಡಿಯುವುದು ಕೀಳೆಂದು ಇದರ ಅಭಿಪ್ರಾಯವಲ್ಲ. ದುಡಿದು ಉಣ್ಣುವುದನ್ನು ಶರಣರು ಪೂಜೆಗೆ ಸಮವೆಂದರು. ಆದರೆ ಹಸಿದು ಬಂದವನನ್ನು ಆಸೆಯಿಲ್ಲದ ತ್ಯಾಗಿಯೆಂದು ಬಣ್ಣಿಸಿದರೆ ಅವನ ಹಸಿವನ್ನು ಮರೆಮಾಚಿದಂತಾಗುತ್ತದೆ.

ಅನ್ನದಷ್ಟೇ ಬಲವಾದ ಇನ್ನೊಂದು ಕಾರಣವನ್ನು ಶಿರಾಳಕೊಪ್ಪದ ಸಮೀಪದ ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ನಡೆದ ಜಗಳದಿಂದ ನೊಂದು, ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದನು. ಕದಂಬರಾಜ್ಯವು ಹುಟ್ಟಿದ್ದು ಹೀಗೆ. ತನ್ನನ್ನು ಲೆಕ್ಕಕ್ಕಿಡದ ಲೋಕದ ಮುಂದೆ ಲೆಕ್ಕಕ್ಕೆ ಬರುವವನಾಗಬೇಕೆಂಬ ಛಲವು ಅಂದಿನಂತೆ ಇಂದೂ ತರುಣರ ಎದೆಯಲ್ಲಿದೆ. ಸಮವಸ್ತ್ರವು ಸಂಬಳವನ್ನಷ್ಟೇ ಅಲ್ಲದೆ ಊರಿನಲ್ಲಿ ತಲೆಯೆತ್ತಿ ನಡೆಯುವ ಅವಕಾಶವನ್ನೂ ಕೊಡುತ್ತದೆ.

ತಾಯಿಯ ಬೆಟ್ಟದಲ್ಲಿ

ಸೊರಬವನ್ನು ದಾಟಿ ಸುಮಾರು 16 ಕಿಲೋಮೀಟರು ಸಾಗಿದರೆ ಅಡಿಕೆ ತೋಟ, ಭತ್ತದ ಗದ್ದೆಗಳ ನಡುವೆ ಚಂದ್ರಗುತ್ತಿಯ ಬೆಟ್ಟವು ತಲೆಯೆತ್ತಿ ನಿಲ್ಲುತ್ತದೆ. ಶಾಸನಗಳಲ್ಲಿ ಚಂದ್ರಗುಪ್ತಿಯೆಂದು ಕರೆಯಲ್ಪಟ್ಟ ಈ ದುರ್ಗವು ಕದಂಬರ ಕಾಲದಿಂದಲೂ ಪ್ರಸಿದ್ಧ. ವಿಜಯನಗರದ ಮೊದಲ ಹರಿಹರನ ಸೋದರನಾದ ಮಾರಪ್ಪನು ಇಲ್ಲಿಂದ ಆಳುತ್ತಿದ್ದುದನ್ನು 1347ರ ಶಾಸನವು ತಿಳಿಸುತ್ತದೆ. ಮುಂದೆ ಇದು ವೀರಶೈವ ಅರಸುಮನೆತನವಾದ ಕೆಳದಿಯ ನಾಯಕರ ಕೈಸೇರಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕೆಳದಿಯ ಆಳ್ವಿಕೆಯೇ ಮುಗಿಯಿತು. ಬೆಟ್ಟದ ಮೇಲಿನ ಕೋಟೆಯ ಗೋಡೆಗಳು ಈಗ ಬಹುಮಟ್ಟಿಗೆ ಕುಸಿದಿವೆ. ಗಿಡಗಂಟಿಗಳ ನಡುವೆ ಏದುಸಿರು ಬಿಡುತ್ತ ಹತ್ತುವಾಗ, ಈ ಕಲ್ಲುಗಳನ್ನು ಹೊತ್ತವರು, ರಾತ್ರಿಯಿಡೀ ಇಲ್ಲಿ ಕಾವಲು ನಿಂತವರು ಎಷ್ಟು ಜನರಿರಬಹುದೆಂಬ ಆಲೋಚನೆ ಬಾರದಿರದು. ಅರಸರ ಹೆಸರು ಉಳಿದಿದೆ. ಕಾವಲಿನವರ ಹೆಸರು ಉಳಿದಿಲ್ಲ.

ಬೆಟ್ಟದ ಇಳಿಜಾರಿನಲ್ಲಿ, ಬಂಡೆಯ ಗುಹೆಯನ್ನೇ ಗರ್ಭಗುಡಿಯಾಗಿಸಿಕೊಂಡು ರೇಣುಕಾಂಬೆ ನೆಲೆಸಿದ್ದಾಳೆ. ಆಕೆಯ ಕಥೆ ಎಲ್ಲರಿಗೂ ತಿಳಿದದ್ದೇ. ತಂದೆ ಜಮದಗ್ನಿಯ ಆಜ್ಞೆಯಂತೆ ಮಗ ಪರಶುರಾಮನು ತಾಯಿಯ ಮೇಲೆಯೇ ಕೊಡಲಿಯನ್ನೆತ್ತಿದನು. ಆತನಿಂದ ತಪ್ಪಿಸಿಕೊಂಡು ಬಂದ ತಾಯಿ ಈ ಗುಹೆಯನ್ನು ಹೊಕ್ಕಳೆಂದು ಸ್ಥಳಪುರಾಣ ಹೇಳುತ್ತದೆ. ಮುಂದೆ ಆಶ್ರಮದ ಹಸುವಿಗಾಗಿ ಕಾರ್ತವೀರ್ಯನೊಡನೆ ವೈರ ಬೆಳೆದು, ಜಮದಗ್ನಿಯ ಕೊಲೆಯಾಗಿ, ಪರಶುರಾಮನು ಇಪ್ಪತ್ತೊಂದು ಬಾರಿ ಭೂಮಂಡಲವನ್ನು ಸುತ್ತಿ ಕ್ಷತ್ರಿಯರನ್ನು ಸಂಹರಿಸಿದನು. ವೀರಗಲ್ಲುಗಳ ತುರುಗೊಳ್ ಕಾಳಗವೇ ಇಲ್ಲಿ ಪುರಾಣದ ಗಾತ್ರಕ್ಕೆ ಬೆಳೆದಿದೆ. ಆದರೆ ಚಂದ್ರಗುತ್ತಿಯ ಭಕ್ತರು ಬೆಟ್ಟವೇರಿ ಬಂದು ಮುಖ್ಯವಾಗಿ ಕೈಮುಗಿಯುವುದು ಕೊಡಲಿ ಹಿಡಿದ ಮಗನಿಗಲ್ಲ, ಆ ಕೊಡಲಿಯ ಏಟನ್ನು ಉಂಡ ತಾಯಿಗೆ. ಜನಪದರ ಈ ವಿವೇಕಕ್ಕೆ ನಾವು ತಲೆಬಾಗಲೇಬೇಕು.

ಈ ಬೆಟ್ಟವು ಇನ್ನೊಂದು ಪಾಠವನ್ನೂ ಕಲಿಸಿದೆ. ಇಲ್ಲಿ ಜಾತ್ರೆಯ ಕಾಲದಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ವಿಚಾರವಂತರು, ಅದರಲ್ಲಿಯೂ ದಲಿತ ಸಂಘಟನೆಗಳವರು ಪ್ರಶ್ನಿಸಿದರು. 1986ರಲ್ಲಿ ಘರ್ಷಣೆಗಳಾದವು. ಅನಂತರ ಸರ್ಕಾರವು ಆ ಪದ್ಧತಿಯನ್ನು ನಿಷೇಧಿಸಿತು. ತಾಯಿಯ ಮಹಿಮೆಯೇನೂ ಕಡಮೆಯಾಗಲಿಲ್ಲ. ಭಕ್ತಿಯ ಹೆಸರಿನಲ್ಲಿ ನಡೆಯುವುದೆಲ್ಲವೂ ಭಕ್ತಿಯಲ್ಲವೆಂದು ಕೇಳುವ ಧೈರ್ಯವು ಭಕ್ತಿಯನ್ನು ಶುದ್ಧಗೊಳಿಸುತ್ತದೆ. ದೇಶಭಕ್ತಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ದೇವಸ್ಥಾನದ ಮೆಟ್ಟಿಲುಗಳ ಬಳಿ ಉಡಿ ತುಂಬುವ ಸಾಮಗ್ರಿಯನ್ನು ಹಿಡಿದು ಕುಳಿತಿದ್ದ ಒಬ್ಬ ತಾಯಿಯನ್ನು ನಾವು ಮಾತನಾಡಿಸಿದೆವು. ಆಕೆಯ ಕಿರಿಯ ಮಗ ಸೈನ್ಯದ ಭರ್ತಿಗಾಗಿ ದಿನವೂ ನಸುಕಿನಲ್ಲಿ ಓಡುವ ಅಭ್ಯಾಸ ಮಾಡುತ್ತಿರುವನಂತೆ.

“ಯಾಕಮ್ಮ, ಮಗನಿಗೆ ಸೈನ್ಯವೇ ಬೇಕಾಯಿತೇನು?” ಎಂದು ಕೇಳಿದೆವು.

“ಇರೋದು ಎರಡೆಕರೆ ಗದ್ದೆ, ಸ್ವಾಮಿ. ಗಂಡುಮಕ್ಕಳು ಮೂವರು. ಓದಿದ್ದಕ್ಕೆ ಕೆಲಸ ಸಿಗಲಿಲ್ಲ. ಮಿಲಿಟರಿಯವನು ಅಂದರೆ ನಾಲ್ಕು ಜನ ಮರ್ಯಾದೆ ಕೊಡ್ತಾರೆ, ಹೆಣ್ಣು ಕೊಡೋರೂ ಮುಂದೆ ಬರ್ತಾರೆ. ಸೇರಲಿ ಅಂತಾನೂ ಬೇಡ್ಕೊಂಡೆ, ಗಡೀಗೆ ಹಾಕದೇ ಇರಲಿ ಅಂತಾನೂ ಬೇಡ್ಕೊಂಡೆ. ಎರಡೂ ಬೇಡ್ಕೊಳ್ಳೋದು ತಪ್ಪೇನು?” ಎಂದಳು ಆಕೆ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಕ್ಕು, “ತಪ್ಪಲ್ಲ ಕಣವ್ವ, ನಮ್ಮವ್ವನೂ ಹಂಗೇ ಬೇಡ್ಕೊಂಡಿದ್ಲು” ಎಂದರು. ಅವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ತಾವು ಊರಿಗೆ ಮರಳಿದ ದಿನ ತೆರೆದ ಜೀಪಿನಲ್ಲಿ ನಡೆದ ಮೆರವಣಿಗೆಯನ್ನು ಅವರು ಸಂತೋಷದಿಂದಲೇ ನೆನೆದರು. “ಹಾರದ ಭಾರಕ್ಕೆ ಕುತ್ತಿಗೆ ನೋಯ್ತಿತ್ತು. ಮಾರನೇ ವಾರ ಪಹಣಿ ತಿದ್ದುಪಡಿಗೆ ಕಚೇರಿಗೆ ಹೋದಾಗ ಕೂತ್ಕೊಳ್ಳಿ ಅನ್ನೋರು ಇರಲಿಲ್ಲ. ಹಾರ ಹಾಕಿದವರು ಕೆಟ್ಟವರೇನಲ್ಲ. ಅಷ್ಟಕ್ಕೇ ತಮ್ಮ ಕೆಲಸ ಮುಗೀತು ಅಂದ್ಕೊಂಡ್ರು ಅಷ್ಟೇ” ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ನಮಗೆ ನೆತ್ತರುಗೊಡಗೆಯ ನೆನಪಾಯಿತು.

ಇಂದಿನ ಲೆಕ್ಕ

1999ರ ಕಾರ್ಗಿಲ್ ಯುದ್ಧದ ಕಾಲದಿಂದ ಸೈನಿಕರ ಪಾರ್ಥಿವ ಶರೀರಗಳು ಊರೂರಿಗೆ ಬರುವುದನ್ನು ದೂರದರ್ಶನದಲ್ಲಿ ಇಡೀ ದೇಶವೇ ನೋಡುವಂತಾಯಿತು. ಅಂದಿನಿಂದ ವೀರಯೋಧನೆಂಬ ಶಬ್ದವು ಮನೆಮಾತಾಗಿದೆ. ಇಂದು ಹಳ್ಳಿಹಳ್ಳಿಗಳ ವೃತ್ತಗಳಲ್ಲಿ ಸೈನಿಕರ ಚಿತ್ರವಿರುವ ಫ್ಲೆಕ್ಸುಗಳು ಸಾಮಾನ್ಯ. ಅವುಗಳಲ್ಲಿ ಹುತಾತ್ಮನ ಭಾವಚಿತ್ರಕ್ಕಿಂತ ಶುಭಕೋರುವವರ ಭಾವಚಿತ್ರಗಳೇ ಹೆಚ್ಚಿರುವುದೂ ಉಂಟು. ಹಳೆಯ ವೀರಗಲ್ಲಿನಲ್ಲಿ ಕಲ್ಲು ನಿಲ್ಲಿಸಿದವನ ಹೆಸರು ಒಮ್ಮೊಮ್ಮೆ ಬರುತ್ತಿತ್ತಾದರೂ ಚಿತ್ರ ಮಾತ್ರ ಮಡಿದವನದೇ ಆಗಿರುತ್ತಿತ್ತು.

ಈ ಹೊಗಳಿಕೆಯನ್ನು ಕೇಳಿ ಬೆಳೆಯುವ ತರುಣನಿಗೆ ಲೆಕ್ಕವನ್ನೂ ಹೇಳಬೇಕಾದದ್ದು ಹಿರಿಯರ ಧರ್ಮ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಅದರಂತೆ ಸಾಮಾನ್ಯ ಸಿಪಾಯಿಯಾಗಿ ಸೇರುವವನ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಶೇಕಡ 30 ಭಾಗ ನಿಧಿಗೆ ಹೋಗಿ, ಕೈಗೆ ಬರುವುದು 21,000. ನಾಲ್ಕು ವರ್ಷಗಳ ಕೊನೆಯಲ್ಲಿ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ. ಸೇವೆಯಲ್ಲಿರುವಾಗ 48 ಲಕ್ಷ ರೂಪಾಯಿಗಳ ವಿಮೆ. ಪಿಂಚಣಿ ಇಲ್ಲ. ಖಾಯಂ ಸೇವೆಗೆ ಉಳಿಯುವವರು ಹೆಚ್ಚೆಂದರೆ ಶೇಕಡ 25. ಅಂದರೆ ನಾಲ್ವರಲ್ಲಿ ಮೂವರು ಇಪ್ಪತ್ತೈದರ ಹರೆಯದೊಳಗೆ ಅಥವಾ ಅದರ ಆಸುಪಾಸಿನಲ್ಲಿ ಮತ್ತೆ ಊರಿಗೆ ಮರಳಬೇಕು. ಯೋಜನೆಯ ಗುಣದೋಷಗಳ ಚರ್ಚೆ ಈ ಲೇಖನದ ಉದ್ದೇಶವಲ್ಲ. ಮರಳಿ ಬರುವ ಆ ಮೂವರಿಗೆ ಊರು ಏನನ್ನು ಸಿದ್ಧಪಡಿಸಿದೆಯೆಂಬುದಷ್ಟೇ ನಮ್ಮ ಪ್ರಶ್ನೆ. ಹೋಗುವಾಗ ಹಾರ ಹಾಕಿದವರು, ಬಂದಾಗ “ಏಕೆ ಬಂದೆ?” ಎಂದು ಕೇಳಿದರೆ ಆ ಹುಡುಗನ ಎದೆಗೆ ಬೀಳುವ ಪೆಟ್ಟು ಗುಂಡಿನ ಪೆಟ್ಟಿಗಿಂತ ಕಡಮೆಯದಲ್ಲ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಕನ್ನಡಿಗರು ಮರೆತಿಲ್ಲ. 2002ರಲ್ಲಿ ಮದ್ರಾಸ್ ರೆಜಿಮೆಂಟನ್ನು ಸೇರಿದ್ದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್ ನೀರ್ಗಲ್ಲಿನಲ್ಲಿ ಹಿಮಕುಸಿತಕ್ಕೆ ಸಿಕ್ಕರು. ಒಟ್ಟು ಹತ್ತು ಸೈನಿಕರು ಹಿಮದಡಿ ಹುದುಗಿದರು. ಅವರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳ ಕನ್ನಡಿಗರೂ ಇದ್ದರು. ಆರು ದಿನಗಳ ಅನಂತರ ಹನುಮಂತಪ್ಪನವರು ಜೀವಂತವಾಗಿ ದೊರೆತಾಗ ದೇಶವೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅಲ್ಲಿ ಅವರ ಪ್ರಾಣ ತೆಗೆದದ್ದು ಶತ್ರುವಿನ ಗುಂಡಲ್ಲ, ಚಳಿ ಮತ್ತು ಹಿಮ. ಅಂಥ ಎತ್ತರದಲ್ಲಿ ದಿನದಿನವೂ ಉಸಿರಾಡುವುದೇ ಒಂದು ಕಾದಾಟ. ಸೈನಿಕಸೇವೆಯೆಂದರೆ ಬಹುಪಾಲು ಇಂಥ ತಾಳ್ಮೆ, ಕಾವಲು, ಮನೆಯ ಅಗಲಿಕೆಯೇ ಹೊರತು ಚಲನಚಿತ್ರದ ಆರ್ಭಟವಲ್ಲ. ನಿಜವನ್ನು ಹೇಳಿದರೆ ಸೈನಿಕನ ಗೌರವ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಈಸೂರಿನ ಮಣ್ಣು

ಮರಳುವಾಗ ನಾವು ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋದೆವು. 1942ರ ಚಳವಳಿಯಲ್ಲಿ ಸ್ವತಂತ್ರವೆಂದು ಸಾರಿಕೊಂಡ ಗ್ರಾಮವಿದು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಇಂದಿಗೂ ಜನರ ನಾಲಗೆಯ ಮೇಲಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೊಬ್ಬರೂ ಮೃತರಾದರು. ಅನಂತರ ಊರು ಸೂರೆಯಾಯಿತು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಅವರಿಗೆ ಸಮವಸ್ತ್ರವಿರಲಿಲ್ಲ, ಸಂಬಳವಿರಲಿಲ್ಲ. ಅಂದು ಸತ್ತ ಅಧಿಕಾರಿಗಳಾದರೂ ನಮ್ಮ ನಾಡಿನವರೇ, ಉಂಡ ಜೋಳದ ಋಣಕ್ಕೆ ಕಟ್ಟುಬಿದ್ದವರೇ. ದೇಶಕ್ಕಾಗಿ ಪ್ರಾಣ ಕೊಡುವ ದಾರಿ ಒಂದೇ ಅಲ್ಲವೆಂಬುದನ್ನೂ, ಯಾವ ಸಾವಿನ ಹಿಂದೆಯೂ ಅಳುವ ಮನೆಯೊಂದಿರುತ್ತದೆಂಬುದನ್ನೂ ಈಸೂರು ಒಟ್ಟಿಗೆ ಹೇಳುತ್ತದೆ.

ಶರಣರ ದಾರಿ

ಶಿರಾಳಕೊಪ್ಪದ ಬಳಿಯ ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರು. ಶರಣರು ಬಾಳಿದ ಹನ್ನೆರಡನೆಯ ಶತಮಾನದಲ್ಲಿಯೂ ಈ ಸೀಮೆಯ ಶಿಲ್ಪಿಗಳು ವೀರಗಲ್ಲುಗಳನ್ನು ಕೆತ್ತುತ್ತಲೇ ಇದ್ದರು. ಶರಣರಲ್ಲಿ ಜೋದರ ಮಾಯಣ್ಣನೆಂಬಾತನೂ ಇದ್ದನು. ಆತನು ಯೋಧನೆಂಬುದನ್ನು ಹೆಸರೇ ಹೇಳುತ್ತದೆ. ಅನುಭವಮಂಟಪವು ಯೋಧನನ್ನು ದೂರವಿಡಲಿಲ್ಲ, ದೇವರನ್ನಾಗಿಯೂ ಮಾಡಲಿಲ್ಲ. ಅಂಬಿಗ, ಮಡಿವಾಳ, ಮಾದಾರರ ಸಾಲಿನಲ್ಲಿ ಅವನನ್ನೂ ಕುಳ್ಳಿರಿಸಿತು. ವೀರಗಲ್ಲು ಕೈಲಾಸವನ್ನು ಮರಣದ ಮೇಲಿನ ಹಲಗೆಯಲ್ಲಿಟ್ಟಿತು. ಶರಣರು ಅದನ್ನು ಬದುಕಿನ ಕಾಯಕದಲ್ಲಿಟ್ಟರು. ಆದ್ದರಿಂದ ಸೈನಿಕನ ಹಿರಿಮೆಯಿರುವುದು ಅವನು ಸತ್ತದ್ದರಲ್ಲಲ್ಲ, ಕಾಯ್ದದ್ದರಲ್ಲಿ. ಕಾಯಕಕ್ಕೆ ಜೋಡಿಯಾಗಿ ಶರಣರು ದಾಸೋಹವನ್ನು ಹೇಳಿದರು. ನಮ್ಮನ್ನು ಕಾಯ್ದವನ ಮನೆಯನ್ನು ನಾವು ಕಾಯುವುದೇ ಈ ಕಾಲದ ನೆತ್ತರುಗೊಡಗೆ.

ಸಮಾಜಬಾಂಧವರಲ್ಲಿ ನಮ್ಮ ವಿನಂತಿಯಿಷ್ಟೆ. ಸೈನ್ಯಕ್ಕೆ ಸೇರಬಯಸುವ ಮಗನನ್ನು ತಡೆಯುವುದೂ ಬೇಡ, ಹೊಗಳಿಕೆಯಿಂದ ತಳ್ಳುವುದೂ ಬೇಡ. ಸಂಬಳ, ಅವಧಿ, ಅಪಾಯಗಳೆಲ್ಲವನ್ನೂ ಮುಂದಿಟ್ಟು ಅವನೇ ನಿರ್ಧರಿಸಲಿ. ದೂರದ ಗಡಿಯಲ್ಲಿರುವವನ ಗದ್ದೆಯ ನಾಟಿ ನಿಂತಿದ್ದರೆ ಓಣಿಯವರೇ ಒಂದು ದಿನ ಕೈಗೂಡಿಸಲಿ. ಗಂಡನನ್ನು ಕಳೆದುಕೊಂಡವಳನ್ನು ವೀರನಾರಿಯೆಂದು ವೇದಿಕೆಗೆ ಕರೆದು ಶಾಲು ಹೊದಿಸಿದರೆ ಸಾಲದು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಾಗದಪತ್ರಗಳಿಗಾಗಿ ಆಕೆಯ ಜೊತೆ ಹೋಗಿಬರುವವರು ಬೇಕು. ಅವಳು ಮತ್ತೆ ಓದಬಯಸಿದರೆ, ದುಡಿಯಬಯಸಿದರೆ, ಮರುಮದುವೆಯಾಗಬಯಸಿದರೆ ಆಡಿಕೊಳ್ಳದ ನೆರೆಹೊರೆ ಬೇಕು. ನಾಲ್ಕು ವರ್ಷ ದುಡಿದು ಮರಳುವ ತರುಣರಿಗೆ ನಮ್ಮ ಮಠಗಳ ವಿದ್ಯಾಸಂಸ್ಥೆಗಳು ಬಾಗಿಲು ತೆರೆಯಲಿ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಆಚರಿಸಲಾಗುವ ಧ್ವಜದಿನದಂದು ಪ್ರತಿ ಮನೆಯಿಂದಲೂ ಯಥಾಶಕ್ತಿ ಕಾಣಿಕೆ ಸಲ್ಲಲಿ.

ಚಂದ್ರಗುತ್ತಿಗೆ ಹೋಗುವ ಭಕ್ತರು ದಾರಿಯಲ್ಲಿ ಯಾವುದಾದರೊಂದು ವೀರಗಲ್ಲಿನ ಮುಂದೆ ಕ್ಷಣಕಾಲ ನಿಲ್ಲಬೇಕು, ಮಕ್ಕಳಿಗೂ ತೋರಿಸಬೇಕು. ಆತನು ಯಾವ ಹಸುವಿಗಾಗಿ, ಯಾವ ಊರಿಗಾಗಿ ಮಡಿದನೆಂಬುದನ್ನು ಓದಿ ಹೇಳಬೇಕು. ಅವನ ಮಕ್ಕಳು ಯಾವ ಗದ್ದೆಯ ಅನ್ನವನ್ನುಂಡು ಬೆಳೆದರೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು.